ಎರಡು ಚೆನ್ನಮ್ಮ, ಐದು ಲೆಂಪಿರಾ

ಕಳೆದ ವಾರ ಬೆಳಗಾವಿಯ ಸಿಟಿ ಬಸ್ಸಿನಲ್ಲಿ ಮೊಮ್ಮಗನ ಕೈ ಹಿಡಿದು ಹತ್ತಿದ ಹಿರಿಯರೊಬ್ಬರು ನೂರರ ನೋಟು ಚಾಚಿ, "ಎರಡು ಚೆನ್ನಮ್ಮಾ ಕೊಡಪಾ" ಎಂದರು. "ಚಿಲ್ಲರ ಕೊಡ್ರಿ ಅಜ್ಜಾರ" ಎಂದು ಕಂಡಕ್ಟರ್ ಗೊಣಗಿದ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆಯ ಸೇನೆಯನ್ನು ಸೋಲಿಸಿದ ರಾಣಿ ನಮ್ಮ ಬಾಯಲ್ಲಿ ಇಳಿಯುವ ಸ್ಟಾಪ್ ಆಗಿದ್ದಾಳೆ.

ಆಗ ನನಗೆ ನೆನಪಾದದ್ದು ಮಧ್ಯ ಅಮೆರಿಕದ ಹೊಂಡುರಾಸ್. ಅಲ್ಲಿ 1530ರ ದಶಕದಲ್ಲಿ ಲೆಂಕಾ ಬುಡಕಟ್ಟಿನ ನಾಯಕ ಲೆಂಪಿರಾ ಸ್ಪೇನಿನವರ ವಿರುದ್ಧ ಬೆಟ್ಟದ ಕೋಟೆಯಲ್ಲಿ ನಿಂತು ಹೋರಾಡಿ ಮಡಿದ. ಸಂಧಾನದ ನೆಪದಲ್ಲಿ ಕರೆದು ಗುಂಡಿಟ್ಟು ಕೊಂದರೆಂದು ಒಂದು ಕಥನ ಹೇಳಿದರೆ, ಕಾದಾಟದಲ್ಲಿ ನಾನೇ ಕೊಂದೆನೆಂದು ಸ್ಪೇನಿನ ಸೈನಿಕನೊಬ್ಬ ದಾಖಲೆಯಲ್ಲಿ ಹೇಳಿಕೊಂಡಿದ್ದಾನೆ. ಸುಮಾರು ನಾಲ್ಕು ಶತಮಾನಗಳ ನಂತರ, 1931ರಲ್ಲಿ, ಕೊಂದವರ ಭಾಷೆಯಲ್ಲೇ ಆಡಳಿತ ನಡೆಸುವ ಆ ದೇಶ ಪೆಸೊವನ್ನು ಕೈಬಿಟ್ಟು ತನ್ನ ಹಣವನ್ನು ಲೆಂಪಿರಾ ಎಂದು ಕರೆಯಿತು. 1943ರಲ್ಲಿ ಗ್ರಾಸಿಯಾಸ್ ಪ್ರಾಂತ್ಯಕ್ಕೂ ಅದೇ ಹೆಸರಿಟ್ಟಿತು. ಒಂದು ಲೆಂಪಿರಾ ನೋಟಿನ ಮೇಲಿರುವುದು ಅವನ ಮುಖವೇ, ಆದರೆ ಅದು ಕಲಾವಿದರು ಕಲ್ಪಿಸಿದ ಮುಖ. ಅವನನ್ನು ಕಂಡು ಬರೆದ ಚಿತ್ರವೇ ಇಲ್ಲ.

ಊರಿಗೆ ಹೆಸರಿಡುವುದಕ್ಕೆ ನನ್ನ ತಕರಾರಿಲ್ಲ. ಹಣಕ್ಕಿಡುವ ಹೆಸರು ಮಾತ್ರ ದಿನಾಲೂ ಏರಿಳಿಯುತ್ತದೆ. ವೆನೆಜುವೆಲಾ ತನ್ನ ವಿಮೋಚಕ ಸಿಮೋನ್ ಬೊಲಿವಾರನ ಹೆಸರನ್ನು 1879ರಲ್ಲಿ ನಾಣ್ಯಕ್ಕಿಟ್ಟಿತು. ಬೆಲೆಯೇರಿಕೆ ತಾಳಲಾರದೆ 2008, 2018 ಮತ್ತು 2021ರಲ್ಲಿ ಒಟ್ಟು ಹದಿನಾಲ್ಕು ಸೊನ್ನೆಗಳನ್ನು ಅಳಿಸಬೇಕಾಯಿತು. "ಬೊಲಿವಾರ್ ಬಿತ್ತು" ಎಂಬ ಸುದ್ದಿ ಕೇಳುವ ಅಲ್ಲಿಯ ಮಗುವಿಗೆ ಬೀಳುವುದು ಯಾರೆಂದು ಹೇಗೆ ವಿವರಿಸುತ್ತಾರೋ! ಅವನದೇ ಹೆಸರಿನ ಬೊಲಿವಿಯಾ ದೇಶಕ್ಕೆ 1825ರಿಂದ ಇಂಥ ಪೇಚು ಬಂದಿಲ್ಲ. ನಮ್ಮಲ್ಲೂ ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಂಠೀರಾಯಿ ಹಣವಿತ್ತು, ಆದರೆ ಅದು ಆಳುವ ಅರಸ ಟಂಕಿಸಿದ ತನ್ನದೇ ಹೆಸರು. ಸೋತು ಸತ್ತವರ ಹೆಸರನ್ನು ಮುಂದಿನವರು ಎತ್ತಿಕೊಳ್ಳುವುದು ಬೇರೆ ವ್ಯವಹಾರ.

ಹಾಗೆಂದು ಊರಿನ ಹೆಸರೂ ಸವೆಯದೆ ಉಳಿಯುತ್ತದೆ ಎನ್ನಲಾರೆ. ಬೆಂಗಳೂರಿನ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟಾಗ ನಮ್ಮ ಜಿಲ್ಲೆಯವರು ಹಿಗ್ಗಿದೆವು; ಈಗ ಫಲಕದಲ್ಲಿ, ಟಿಕೆಟ್‌ನಲ್ಲಿ ಅವನು ಕೆಎಸ್‌ಆರ್ ಎಂಬ ಮೂರಕ್ಷರ. ಮುಂಬೈ ಕರ್ನಾಟಕವನ್ನು 2021ರಲ್ಲಿ ಕಿತ್ತೂರು ಕರ್ನಾಟಕ ಎಂದು ಕರೆದಿದ್ದು ಮಾತ್ರ ನನಗೆ ಸರಿಯೆನಿಸಿದೆ, ಏಕೆಂದರೆ ಅದನ್ನು ಮೊಟಕುಗೊಳಿಸುವುದು ಕಷ್ಟ.

ಖಾನಾಪುರ ತಾಲೂಕಿನ ನಂದಗಡದಲ್ಲಿ, 1831ರಲ್ಲಿ ಗಲ್ಲಿಗೇರಿದ ರಾಯಣ್ಣನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ. ಹರಕೆ ಫಲಿಸಿದ ಮನೆಗಳಲ್ಲಿ ಮಗುವಿಗೆ ರಾಯಣ್ಣ ಎಂದೇ ಹೆಸರಿಡುವುದುಂಟು. ಆ ಹೆಸರನ್ನು ಯಾವ ಗೆಜೆಟ್ಟೂ ಪ್ರಕಟಿಸುವುದಿಲ್ಲ.