ಕಡಲು ಉಚಿತ, ಹೊಣೆ ಅತಿಥಿಯದು

ಉಷ್ಣವಲಯದ ಕಡಲತೀರದ ರೆಸಾರ್ಟ್ ಪಟ್ಟಣವೊಂದರಲ್ಲಿ ನಾಲ್ಕು ದಿನ ತಂಗಿ ಬರಬೇಕೆಂದು ಹೊರಡುವವರು ಮೊದಲಿಗೆ ಒಂದು ಮೂಲಭೂತ ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು. ಆ ಪಟ್ಟಣದಲ್ಲಿ ಮಾರಾಟಕ್ಕಿರುವ ಮುಖ್ಯ ಸರಕು ಕಡಲು. ಅಲ್ಲಿ ಯಾರೊಬ್ಬರೂ ತಮ್ಮದೆಂದು ಒಪ್ಪಿಕೊಳ್ಳದ ವಸ್ತುವೂ ಕಡಲೇ. ಜಾಹೀರಾತಿನ ಮುಖಪುಟದಲ್ಲಿ ಕಡಲು, ಹೋಟೆಲಿನ ಹೆಸರಿನಲ್ಲಿ ಕಡಲು, ಬಚ್ಚಲಿನ ಸಾಬೂನಿನ ಹೊದಿಕೆಯ ಮೇಲೂ ಕಡಲು. ಆದರೆ ಕೋಣೆಯ ಕೀಲಿ ಕೊಡುವ ಮುನ್ನ ನಿಮ್ಮ ಮುಂದೆ ಚಾಚುವ ಕಾಗದದ ಕೊನೆಯಲ್ಲಿ, ಭೂತಗನ್ನಡಿಗೂ ಸವಾಲೆಸೆಯುವ ಅಕ್ಷರಗಳಲ್ಲಿ, ಕಡಲಿಗೆ ಇಳಿಯುವುದು ಅತಿಥಿಯ ಸ್ವಂತ ಜವಾಬ್ದಾರಿಯೆಂದೂ, ಅಲೆ, ಸೆಳೆತ, ಜಲಚರ ಹಾಗೂ ದೈವೇಚ್ಛೆಯಿಂದ ಸಂಭವಿಸುವ ಯಾವುದೇ ನಷ್ಟಕ್ಕೆ ಆಡಳಿತವರ್ಗ ಹೊಣೆಯಲ್ಲವೆಂದೂ ನಮೂದಾಗಿರುತ್ತದೆ. ಕೈಯಲ್ಲಿ ಸ್ವಾಗತದ ತಂಪು ಪಾನೀಯ ಹಿಡಿದವರು ಇಂಥದ್ದನ್ನು ಓದುವುದಿಲ್ಲ. ಪಾನೀಯ ಕೊಡುವುದೇ ಅದಕ್ಕಾಗಿ ಎಂಬುದು ನನ್ನ ಬಹುಕಾಲದ ಗುಮಾನಿ. ಸಹಿ ಬಿದ್ದ ಮೇಲೆ ಈ ಕೆಳಗಿನ ಸಲಹೆಗಳು ಉಪಯೋಗಕ್ಕೆ ಬಂದಾವು.

ಕೋಣೆಯನ್ನು ಆರಿಸುವಾಗ ಬಾಡಿಗೆಯನ್ನು ಕಟ್ಟಡದ ಗುಣಮಟ್ಟದಿಂದಲ್ಲ, ಕಿಟಕಿಯಿಂದ ಕಾಣುವ ಕಡಲಿನ ಪ್ರಮಾಣದಿಂದ ನಿರ್ಧರಿಸುತ್ತಾರೆ ಎಂಬುದನ್ನು ನೆನಪಿಡಬೇಕು. ಪೂರ್ಣ ಕಡಲ ನೋಟಕ್ಕೆ ಒಂದು ದರ, ಭಾಗಶಃ ಕಡಲ ನೋಟಕ್ಕೆ ಇನ್ನೊಂದು. ಭಾಗಶಃ ನೋಟವೆಂದರೆ, ಬಾಲ್ಕನಿಯ ಎಡಮೂಲೆಗೆ ಹೋಗಿ, ಹವಾನಿಯಂತ್ರಕದ ಹೊರಯಂತ್ರದ ಮೇಲೆ ಒಂದು ಕೈಯೂರಿ, ಕುತ್ತಿಗೆಯನ್ನು ಸಾಧ್ಯವಾದಷ್ಟು ಹೊರಚಾಚಿದಾಗ ಪಕ್ಕದ ಹೋಟೆಲಿನ ನೀರಿನ ಟ್ಯಾಂಕಿಗೂ ಮೊಬೈಲ್ ಗೋಪುರಕ್ಕೂ ನಡುವೆ ಗೋಚರಿಸುವ ನೀಲಿ ಪಟ್ಟಿ. ಮಳೆಗಾಲದಲ್ಲಿ ಈ ದರಗಳೆಲ್ಲ ಅರ್ಧಕ್ಕಿಳಿಯುತ್ತವೆ. ರಿಯಾಯಿತಿ ಎಷ್ಟು ಉದಾರವಾಗಿದೆಯೋ ಕಡಲು ಅಷ್ಟು ಮುನಿದಿದೆ ಎಂದು ತಿಳಿದರೆ ಹವಾಮಾನ ವರದಿಯನ್ನು ಬೇರೆಯಾಗಿ ನೋಡುವ ಅಗತ್ಯವೇ ಬೀಳುವುದಿಲ್ಲ.

ಇನ್ನು ನೀರಿಗೆ ಇಳಿಯುವ ವಿಚಾರ. ರೆಸಾರ್ಟಿನಲ್ಲಿ ನೀರು ಎರಡು ಬಗೆಯದು. ಮೊದಲನೆಯದು ಈಜುಕೊಳ. ಅದರ ಅಂಚಿನಲ್ಲಿ ಆಳ 1.2 ಮೀಟರ್ ಎಂದು ಅಡಿಗಡಿಗೆ ಬರೆದಿರುತ್ತದೆ. ಓಡಬಾರದು, ಧುಮುಕಬಾರದು, ಗಾಜಿನ ಲೋಟ ತರಬಾರದು, ಟೋಪಿಯಿಲ್ಲದೆ ಇಳಿಯಬಾರದು ಎಂಬ ಫಲಕಗಳಿರುತ್ತವೆ. ಸೀಟಿ ಹಿಡಿದ ಸಮವಸ್ತ್ರಧಾರಿಯೊಬ್ಬ ಸೊಂಟಮಟ್ಟದ ನೀರಿನಲ್ಲಿ ನಿಂತ ವಯಸ್ಕರನ್ನು ಎವೆಯಿಕ್ಕದೆ ಕಾಯುತ್ತಿರುತ್ತಾನೆ. ಸಂಜೆ ಏಳಕ್ಕೆ ಕೊಳ ಮುಚ್ಚುತ್ತದೆ, ಸುರಕ್ಷತೆಯ ದೃಷ್ಟಿಯಿಂದ. ಎರಡನೆಯದು, ಅಲ್ಲಿಂದ ನಲವತ್ತು ಹೆಜ್ಜೆ ಆಚೆಗಿರುವ ಮಹಾಸಾಗರ. ಅದಕ್ಕೆ ಒಂದೇ ಫಲಕ. ಉಪ್ಪುಗಾಳಿಗೆ ತುಕ್ಕು ಹಿಡಿದು, ಉಳಿದ ಅಕ್ಷರಗಳ ಮೇಲೆ ಬಾಳೆಹಣ್ಣಿನಾಕಾರದ ದೋಣಿಯ ಸವಾರಿಗೆ ಆಹ್ವಾನಿಸುವ ಚೀಟಿಯನ್ನು ಅಂಟಿಸಿಕೊಂಡಿರುತ್ತದೆ. ಸಾಗರ ರಾತ್ರಿಯೂ ತೆರೆದಿರುತ್ತದೆ.

ಅದೃಷ್ಟವಿದ್ದರೆ ಬಾವುಟಗಳು ಕಾಣಬಹುದು. ಅವುಗಳ ಭಾಷೆ ಹಲವು ದೇಶಗಳಲ್ಲಿ ಒಂದೇ ಬಗೆಯದಾಗಿದ್ದು, ಕೆಂಪು-ಹಳದಿ ಬಾವುಟಗಳ ಜೋಡಿಯ ನಡುವಿನ ಜಾಗದಲ್ಲಿ ಜೀವರಕ್ಷಕರ ಕಾವಲಿದೆ ಎಂದೂ, ಒಂಟಿ ಕೆಂಪು ಬಾವುಟ ಭಾರೀ ಅಪಾಯವನ್ನೂ, ಜೋಡಿ ಕೆಂಪು ಬಾವುಟ ನೀರಿಗೆ ಪ್ರವೇಶವೇ ಇಲ್ಲವೆಂಬುದನ್ನೂ, ನೇರಳೆ ಬಾವುಟ ಅಂಬಲಿ ಮೀನಿನಂಥ ಕುಟುಕುವ ಜೀವಿಗಳನ್ನೂ ಸೂಚಿಸುತ್ತವೆ. ಬಾವುಟವೇ ಇಲ್ಲದಿದ್ದರೆ ಅಪಾಯವಿಲ್ಲ ಎಂದಲ್ಲ, ಕಾಯುವವರಿಲ್ಲ ಎಂದು ಅರ್ಥ. ಇಷ್ಟನ್ನು ಸ್ವಾಗತ ಕೌಂಟರಿನಲ್ಲಿ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದರೆ ಆ ಅರ್ಧ ನಿಮಿಷ ವೈಫೈ ಪಾಸ್‌ವರ್ಡನ್ನು ಅಕ್ಷರಶಃ ಬಿಡಿಸಿ ಹೇಳುವುದರಲ್ಲಿ ಖರ್ಚಾಗಿರುತ್ತದೆ.

ಕಡಲಿನ ಕುಹಕ ಏನೆಂದರೆ, ಅದರ ಅತ್ಯಂತ ಅಪಾಯಕಾರಿ ಜಾಗವೇ ಅತ್ಯಂತ ಸೌಮ್ಯವಾಗಿ ಕಾಣುತ್ತದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂತಿರುಗಲೇಬೇಕಲ್ಲ. ನೀರೊಳಗಿನ ಮರಳುದಿಬ್ಬಗಳ ನಡುವೆ ತಗ್ಗಿರುವ ಕಡೆ ಅದು ಒಟ್ಟಾಗಿ, ಕಿರಿದಾದ ಪ್ರವಾಹವಾಗಿ ಒಳಕಡಲಿನತ್ತ ಧಾವಿಸುತ್ತದೆ. ಇದನ್ನೇ ರಿಪ್ ಕರೆಂಟ್ ಎನ್ನುವುದು. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ, ನೊರೆಯಿರುವುದಿಲ್ಲ, ನೀರು ಕಡುಬಣ್ಣದಲ್ಲಿ ಶಾಂತವಾಗಿ ಕಾಣುತ್ತದೆ. ಎರಡೂ ಬದಿಯಲ್ಲಿ ಅಲೆ ಅಬ್ಬರಿಸುತ್ತಿರುವಾಗ ನಡುವೆ ಇಂಥದ್ದೊಂದು ಪ್ರಶಾಂತ ದಾರಿ ಕಂಡರೆ, ಮಕ್ಕಳನ್ನು ಕರೆದುಕೊಂಡು ಬಂದ ಯಾವ ಗೃಹಸ್ಥನಾದರೂ ಅಲ್ಲಿಗೇ ಹೋಗುತ್ತಾನೆ. ಪ್ರಚಾರದ ಛಾಯಾಗ್ರಾಹಕನೂ ಅಲ್ಲಿಗೇ ಹೋಗುತ್ತಾನೆ, ಏಕೆಂದರೆ ಚಿತ್ರದಲ್ಲಿ ನೀರು ನೀಲಿಯಾಗಿ ಬರುತ್ತದೆ. ಪ್ರಬಲ ಸೆಳೆತದ ವೇಗ ಸೆಕೆಂಡಿಗೆ 2 ಮೀಟರನ್ನೂ ಮೀರಬಲ್ಲದು. ಒಲಿಂಪಿಕ್ ಈಜುಗಾರರಿಗೂ ಅದರೆದುರು ಈಜಿ ಗೆಲ್ಲುವುದು ಕಷ್ಟ. ಹೀಗಾಗಿ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಈಜಿ ಸುಸ್ತಾಗಬಾರದು. ಅದು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಸಹಾಯ ಕೇಳುತ್ತ, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ಈ ಒಂದು ಸಲಹೆಯನ್ನು ಮಾತ್ರ ನಾನು ನಗದೆ ಕೊಡುತ್ತಿದ್ದೇನೆ.

ದಡಕ್ಕೆ ಬಂದ ಮೇಲೆ ಮರಳನ್ನು ಆನಂದಿಸಬಹುದು, ಅದು ಇದ್ದರೆ. ಕಡಲಿಗೆ ಎಷ್ಟು ಹತ್ತಿರವೋ ಅಷ್ಟು ಬಾಡಿಗೆ ಎಂಬ ಸೂತ್ರದ ಪ್ರಕಾರ ಮರಳುದಿಬ್ಬಗಳ ಮೇಲೆಯೇ ಕಟ್ಟಡ ಏಳುತ್ತದೆ. ನಂತರ ಕಡಲು ಹತ್ತಿರ ಬರುತ್ತಿದೆ ಎಂದು ಗಾಬರಿಬಿದ್ದು ಕಾಂಕ್ರೀಟ್ ಗೋಡೆ ಕಟ್ಟುತ್ತಾರೆ. ಗೋಡೆಗೆ ಬಡಿದ ಅಲೆ ಅದೇ ರಭಸದಲ್ಲಿ ಹಿಮ್ಮೆಟ್ಟುವಾಗ ಬುಡದ ಮರಳನ್ನೂ ಕೆತ್ತಿಕೊಂಡು ಹೋಗುತ್ತದೆ, ಗೋಡೆ ಉಳಿಯುತ್ತದೆ, ಬೀಚ್ ಹೋಗುತ್ತದೆ. ಆಗ ಮರಳನ್ನು ಬೇರೆಡೆಯಿಂದ ತರಿಸಬೇಕಾಗುತ್ತದೆ. ಹವಾಯಿಯ ಜಗತ್ಪ್ರಸಿದ್ಧ ವೈಕಿಕಿ ಕಿನಾರೆಯ ಮರಳಿನಲ್ಲಿ ಬಹುಪಾಲು ಹೀಗೆ ವಲಸೆ ಬಂದದ್ದು. ಎಲ್ಲರಿಗೂ ಇಷ್ಟು ತಾಳ್ಮೆ ಇರುವುದಿಲ್ಲ. 2008ರಲ್ಲಿ ಜಮೈಕಾದ ಕೋರಲ್ ಸ್ಪ್ರಿಂಗ್ ಎಂಬಲ್ಲಿಂದ ಸುಮಾರು 500 ಲಾರಿಗಳಷ್ಟು ಬಿಳಿ ಮರಳು, ಅಂದರೆ ಕಾರ್ಯತಃ ಇಡೀ ಬೀಚು, ಕಳುವಾಯಿತು. ಅನುಮಾನದ ಕಣ್ಣು ಹೋಟೆಲ್ ಉದ್ಯಮದ ಕಡೆಗೂ ಹೊರಳಿತು. ಮೆಕ್ಸಿಕೋದ ಕಾನ್‌ಕುನ್‌ನ ಕತೆ ಇನ್ನೂ ರಸವತ್ತಾದದ್ದು. 2005ರ ವಿಲ್ಮಾ ಚಂಡಮಾರುತ ಅಲ್ಲಿನ ಮರಳನ್ನು ಗುಡಿಸಿ ಹಾಕಿದ ಮೇಲೆ ಸರ್ಕಾರವೇ ಕಡಲತಳದಿಂದ ಮರಳೆತ್ತಿ ಕಿನಾರೆಯನ್ನು ಮರುಸೃಷ್ಟಿಸಿತ್ತು. 2009ರ ಜುಲೈನಲ್ಲಿ ಅಲ್ಲಿನ ಒಂದು ಹೋಟೆಲ್, ಮರಳನ್ನು ಅಕ್ರಮವಾಗಿ ಪಂಪಿನಿಂದ ಎತ್ತಿ ತನ್ನ ಅಂಗಳದ ಮುಂದೆ ಹರಡಿಕೊಂಡ ಆರೋಪಕ್ಕೆ ಗುರಿಯಾಯಿತು, ಅಧಿಕಾರಿಗಳು ಬೀಚಿಗೇ ಪಟ್ಟಿ ಸುತ್ತಿ ಅದನ್ನು ಅಪರಾಧ ನಡೆದ ಸ್ಥಳವೆಂದು ಮುಚ್ಚಿದರು. ಆದ್ದರಿಂದ ಆರಾಮಕುರ್ಚಿಯಲ್ಲಿ ಮೈಚಾಚುವ ಮುನ್ನ, ನೀವು ಮಲಗಿರುವುದು ಕದ್ದ ಮಾಲಿನ ಮೇಲೆ ಅಲ್ಲವೆಂದು ಖಾತ್ರಿಪಡಿಸಿಕೊಳ್ಳುವುದು ಕ್ಷೇಮಕರ.

ಪರಿಸರಪ್ರಜ್ಞೆಯ ವಿಷಯದಲ್ಲಿ ಅತಿಥಿಯಿಂದ ಬಹಳಷ್ಟನ್ನು ನಿರೀಕ್ಷಿಸಲಾಗುತ್ತದೆ. ಬಚ್ಚಲಿನ ಕನ್ನಡಿಯ ಬಳಿ ಹಸಿರು ಅಕ್ಷರದ ಚೀಟಿಯೊಂದು, ನೀವು ಟವೆಲನ್ನು ಕೊಂಡಿಗೆ ನೇತುಹಾಕಿದರೆ ಸಾಗರ ಉಳಿಯುತ್ತದೆ, ನೆಲಕ್ಕೆ ಎಸೆದರೆ ಉಳಿಯುವುದಿಲ್ಲ ಎಂಬ ಅರ್ಥದ ಮಾತನ್ನು ಸವಿನಯವಾಗಿ ಹೇಳುತ್ತದೆ. ನೀವು ಕೊಂಡಿಗೆ ಹಾಕಿ ಹೋದ ಟವೆಲನ್ನು ಮಧ್ಯಾಹ್ನ ಬಂದವರು ತೆಗೆದುಕೊಂಡು ಹೋಗಿ ಹೊಸದನ್ನು ಹಂಸದ ಆಕಾರಕ್ಕೆ ಮಡಚಿ ಇಟ್ಟಿರುತ್ತಾರೆ. ಸಂಜೆ ಕಿನಾರೆಯುದ್ದಕ್ಕೂ ನಡೆಯುತ್ತ ಹೋದರೆ, ಕೊನೆಯ ರೆಸಾರ್ಟಿನ ಬೇಲಿ ಮುಗಿಯುವಲ್ಲಿ, ಪೊದೆಗಳ ಮರೆಯಿಂದ ಹೊರಚಾಚಿದ ದಪ್ಪನೆಯ ಕೊಳವೆಯೊಂದು ಬೂದು ಬಣ್ಣದ ನೀರನ್ನು ಕಡಲಿಗೆ ಬಿಡುತ್ತಿರುವುದು ಕಾಣುತ್ತದೆ. ಅದರ ಪಕ್ಕದಲ್ಲಿ ಯಾವ ಚೀಟಿಯೂ ಇರುವುದಿಲ್ಲ. ಫಿಲಿಪ್ಪೀನ್ಸಿನ ಬೊರಾಕಾಯ್ ದ್ವೀಪದಲ್ಲಿ ಇಂಥ ಕೊಳವೆಗಳು ಎಷ್ಟಾದವೆಂದರೆ, 2018ರಲ್ಲಿ ಅಂದಿನ ಅಧ್ಯಕ್ಷ ಡುಟೆರ್ಟೆ ಆ ದ್ವೀಪವನ್ನು ಮಲಗುಂಡಿಯೆಂದು ಕರೆದು, ಏಪ್ರಿಲ್ 26ರಿಂದ ಆರು ತಿಂಗಳು ಪ್ರವಾಸಿಗರಿಗೆ ಮುಚ್ಚಿಸಿದರು. ಅತಿಥಿಗಳ ಟವೆಲುಗಳು ಅಲ್ಲಿಯೂ ಕೊಂಡಿಯಲ್ಲೇ ಇದ್ದಿರಬೇಕು.

ಬಿಸಿಲಿನ ಲೇಪವನ್ನೂ ಇದೇ ನ್ಯಾಯದಡಿ ಗಮನಿಸಬೇಕು. ಆಕ್ಸಿಬೆನ್ಜೋನ್ ಮತ್ತು ಆಕ್ಟಿನೊಕ್ಸೇಟ್ ಎಂಬ ರಾಸಾಯನಿಕಗಳಿರುವ ಲೇಪಗಳು ಹವಳಕ್ಕೆ ಹಾನಿಕರವೆಂಬ ಕಾರಣದಿಂದ ಹವಾಯಿ 2021ರ ಜನವರಿಯಿಂದ ಅವುಗಳ ಮಾರಾಟವನ್ನು ನಿಷೇಧಿಸಿತು. ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಪಲಾವ್ ಅದಕ್ಕಿಂತ ಒಂದು ವರ್ಷ ಮೊದಲೇ ಇಂಥ ಕ್ರಮ ಕೈಗೊಂಡಿತ್ತು. ಒಳ್ಳೆಯದೇ ಆಯಿತು. ಲೇಪ ಕೊಳ್ಳುವವರು ಈ ಹೆಸರುಗಳನ್ನು ಡಬ್ಬಿಯ ಹಿಂಬದಿಯಲ್ಲಿ ಹುಡುಕಬೇಕೇ ಹೊರತು ಮುಂಬದಿಯ ಹವಳಸ್ನೇಹಿ ಎಂಬ ಘೋಷಣೆಯನ್ನು ನಂಬಬಾರದು, ಏಕೆಂದರೆ ಹಲವು ದೇಶಗಳಲ್ಲಿ ಆ ಘೋಷಣೆಗೆ ಕಾನೂನಿನ ವ್ಯಾಖ್ಯೆಯೇ ಇಲ್ಲ. ಮೋಡವಿದ್ದರೂ ಅತಿನೇರಳೆ ಕಿರಣ ಬರುತ್ತದೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಲೇಪದ ರಕ್ಷಣೆಯ ಮಟ್ಟವನ್ನು ಹೇಳುವ ಎಸ್‌ಪಿಎಫ್ ಸಂಖ್ಯೆ 30 ಇದ್ದರೆ ಚರ್ಮ ಸುಡುವ ಕಿರಣಗಳಲ್ಲಿ ಶೇ. 97ರಷ್ಟನ್ನೂ, 50 ಇದ್ದರೆ ಶೇ. 98ರಷ್ಟನ್ನೂ ಅದು ತಡೆಯುತ್ತದೆ, ಆ ಒಂದು ಶೇಕಡಾಕ್ಕೆ ರೆಸಾರ್ಟಿನ ಅಂಗಡಿ ವಸೂಲು ಮಾಡುವ ಮೊತ್ತವನ್ನು ನೋಡಿದಾಗ ನೆರಳಿನಲ್ಲಿ ಕೂರುವುದೇ ಮೇಲೆನಿಸುತ್ತದೆ. ನೆರಳು ಬೇಕಾದರೆ ಛತ್ರಿಯ ಬಾಡಿಗೆ ಬೇರೆ.

ತೆಂಗಿನ ಮರದ ಕೆಳಗೆ ಕೂರಬಹುದೇ ಎಂಬ ಪ್ರಶ್ನೆ ಬರುತ್ತದೆ. ಧಾರಾಳವಾಗಿ ಕೂರಬಹುದು. ಎಲ್ಲಿ ಕಾಯಿ ಬಿದ್ದು ಪರಿಹಾರ ಕೊಡಬೇಕಾದೀತೋ ಎಂದು ಹೆದರಿ ಎಳೆಗಾಯಿಗಳನ್ನೇ ಕಿತ್ತು ಹಾಕಿಸಿರುತ್ತಾರೆ. ತನ್ನ ಆವರಣದ ಮರದಿಂದ ಬೀಳುವ ಒಂದು ಕಾಯಿಯ ಹೊಣೆಗೆ ಇಷ್ಟು ಎಚ್ಚರ ವಹಿಸುವ ಸಂಸ್ಥೆ, ತಾನೇ ಪೂರ್ತಿ ಮಾರಿಕೊಳ್ಳುವ ಸಾಗರದ ಬಗ್ಗೆ ಅಪರಿಚಿತನಂತೆ ವರ್ತಿಸುವುದನ್ನು ಆ ಮರದ ಕೆಳಗೇ ಕುಳಿತು ಮೆಚ್ಚಬಹುದು. ಸೊಳ್ಳೆಯ ಲೇಪವನ್ನು ಹಗಲಿನಲ್ಲೂ ಹಚ್ಚಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲು ಹೊತ್ತಿನಲ್ಲಿ, ಮೊಟ್ಟೆಯಿಡುವುದು ಸ್ವಾಗತಕ್ಕೆಂದು ತಾವರೆ ತೇಲಿಬಿಟ್ಟಂಥ ನಿಂತ ನೀರಿನಲ್ಲಿ. ಬಾಡಿಗೆ ಸ್ಕೂಟರ್ ಹತ್ತುವ ಮುನ್ನ ನಿಮ್ಮ ಪ್ರವಾಸ ವಿಮೆಯ ಕಾಗದ ತೆಗೆದು ನೋಡಿರಿ. ಪರವಾನಗಿ ಮತ್ತು ಹೆಲ್ಮೆಟ್ ಇಲ್ಲದವರಿಗೆ ಹೆಚ್ಚಿನ ವಿಮೆಗಳು ಒಂದು ಬಿಡಿಗಾಸನ್ನೂ ಕೊಡುವುದಿಲ್ಲ.

ಖಾಸಗಿ ಬೀಚ್ ಎಂಬ ಹಗ್ಗ ಕಟ್ಟಿದ ಜಾಗವೂ ಸಿಗಬಹುದು. ಉಬ್ಬರದ ಗೆರೆಯ ಕೆಳಗಿನ ನೆಲ ಸಾರ್ವಜನಿಕ ಎಂಬುದು ಎಷ್ಟೋ ದೇಶಗಳ ಕಾನೂನು. ಉಬ್ಬರದ ಹೊತ್ತಂತೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತ ಹೋಗುವುದರಿಂದ ಯಾವ ಗಳಿಗೆಯಲ್ಲಿ ನೀರು ಎಲ್ಲಿರುತ್ತದೆಂದು ಹಗ್ಗ ಕಾಯುವವನಿಗೂ ಗೊತ್ತಿರುವುದಿಲ್ಲ. ಹೊರಗಿನವರು ನಡೆದುಬಂದಾಗ ಕಡಲು ರೆಸಾರ್ಟಿನ ಸ್ವತ್ತು, ಒಳಗಿನವರು ಮುಳುಗುವಾಗ ಅದು ಪ್ರಕೃತಿಯ ಸ್ವತ್ತು ಎಂಬ ಈ ಹಕ್ಕುಪತ್ರವನ್ನು ಯಾವ ನೋಂದಣಿ ಕಚೇರಿ ಕೊಟ್ಟಿದೆಯೋ ತಿಳಿಯದು. ಥಾಯ್ಲೆಂಡಿನ ಮಾಯಾ ಬೇ ಎಂಬ ಕೊಲ್ಲಿ ಮಾತ್ರ ಇದಕ್ಕೊಂದು ತಾರ್ಕಿಕ ಅಂತ್ಯವನ್ನು ಕಂಡುಕೊಂಡಿದೆ. ಜನ ಕಿಕ್ಕಿರಿದು ಹವಳ ಹಾಳಾದ ಮೇಲೆ 2018ರಲ್ಲಿ ಅದನ್ನು ಮುಚ್ಚಿ, 2022ರ ಜನವರಿಯಲ್ಲಿ ಮತ್ತೆ ತೆರೆದಾಗ ಈಜನ್ನು ನಿಷೇಧಿಸಿದರು. ಮನುಷ್ಯರಿಲ್ಲದ ಅವಧಿಯಲ್ಲಿ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಅಲ್ಲಿಗೆ ಮರಳಿದ್ದವು. ಅವು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ಕೊನೆಯ ದಿನ ಅಭಿಪ್ರಾಯ ಪತ್ರ ಬರುತ್ತದೆ. ದಿಂಬಿನ ಮೃದುತ್ವಕ್ಕೆ, ಸಿಬ್ಬಂದಿಯ ಮುಗುಳ್ನಗೆಗೆ, ವೈಫೈ ವೇಗಕ್ಕೆ, ಹಂಸದಾಕಾರದ ಟವೆಲಿಗೆ ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೇಳಿರುತ್ತಾರೆ. ಕಡಲಿನ ಬಗ್ಗೆ ಪ್ರಶ್ನೆಯಿರುವುದಿಲ್ಲವಾದ್ದರಿಂದ, ಬಾವುಟವಿಲ್ಲದ್ದನ್ನೂ ಕೊಳವೆಯಿದ್ದದ್ದನ್ನೂ ಇತರೆ ಎಂಬ ಒಂದೂವರೆ ಸಾಲಿನ ಜಾಗದಲ್ಲಿ ಬರೆಯಿರಿ. ಮನೆ ಸೇರುವಷ್ಟರಲ್ಲಿ ಉತ್ತರ ಬಂದಿರುತ್ತದೆ. ಅಲೆಗಳ ಲಾಂಛನವುಳ್ಳ ಪತ್ರದಲ್ಲಿ, ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳೆಂದೂ, ತಾವು ಪ್ರಸ್ತಾಪಿಸಿದ ಕಡಲು ನಮ್ಮ ಆವರಣದ ವ್ಯಾಪ್ತಿಗೆ ಬರುವುದಿಲ್ಲವೆಂದೂ, ಮುಂದಿನ ಬಾರಿ ಪೂರ್ಣ ಕಡಲ ನೋಟದ ಕೋಣೆಯನ್ನು ಕಾಯ್ದಿರಿಸಿದರೆ ಶೇ. 10ರಷ್ಟು ರಿಯಾಯಿತಿ ಉಂಟೆಂದೂ ತಿಳಿಸಿರುತ್ತಾರೆ.