ಹಳೇ ಚಾಕು, ಮುರಿದ ಉಗುರು

ಹಳೆಯ ಮಡಚುವ ಚಾಕುಗಳನ್ನು ಕೂಡಿಡುವವರನ್ನು ಗುರುತಿಸುವುದು ಸುಲಭ. ಹೆಬ್ಬೆರಳಿನ ಉಗುರು ನೋಡಿದರೆ ಸಾಕು. ನನ್ನದು ಯಾವಾಗಲೂ ಅರ್ಧ ಮುರಿದೇ ಇರುತ್ತದೆ. ಅಲಗಿನ ಬೆನ್ನಿನ ಹತ್ತಿರ ಅರ್ಧಚಂದ್ರದ ಹಾಗೆ ಒಂದು ಸಣ್ಣ ಗೀರು ಇರುತ್ತದಲ್ಲ, ಅದಕ್ಕೆ ಉಗುರು ಸಿಕ್ಕಿಸಿ ಎಳೆಯಬೇಕು. ಈ ಬಗೆಯ ಚಾಕುವಿಗೆ ಲಾಕ್ ಇಲ್ಲ. ಹಿಡಿಯ ಬೆನ್ನಲ್ಲಿ ಉಕ್ಕಿನ ಪಟ್ಟಿಯೊಂದು ಸ್ಪ್ರಿಂಗಿನಂತೆ ಅಲಗಿನ ಬುಡವನ್ನು ಒತ್ತಿಕೊಂಡಿರುತ್ತದೆ. ಮಡಚಿದ್ದರೆ ಮಡಚಿಯೇ ಇರು, ಬಿಚ್ಚಿದರೆ ಬಿಚ್ಚಿಯೇ ಇರು ಅನ್ನುವುದು ಅದರ ಹಠ. ಹಳೆಯ ಎಣ್ಣೆ ಗಟ್ಟಿಯಾಗಿ ಕೂತಿದ್ದರೆ ಹಠ ಇನ್ನೂ ಜಾಸ್ತಿ.

ಒಳ್ಳೆಯ ಸ್ಪ್ರಿಂಗು ಬಿಚ್ಚುವಾಗ, ಮಡಚುವಾಗ 'ಟಪ್' ಅನ್ನುತ್ತದೆ. ಚಾಕು ಮೆಚ್ಚುವವರಿಗೆ ಆ ಸದ್ದೇ ಸಂಗೀತ. ನನ್ನ ಹೆಂಡತಿಗೆ ಅದು ಸುಳಿವು.

"ರೀ, ಇದು ಹೊಸದಾ?" ಅಂತ ಒಳಗಿನಿಂದಲೇ ಕೇಳುತ್ತಾಳೆ.

"ಇಲ್ವೇ, ಹಳೇದು."

ಸುಳ್ಳೇನಲ್ಲ. ಚಾಕುವಿಗೆ ನನಗಿಂತ ಜಾಸ್ತಿ ವಯಸ್ಸು.

"ಎಲ್ಲಾ ಕತ್ತರಿಸೋ ಚಾಕುನೇ ಅಲ್ವಾ, ಇಷ್ಟೊಂದು ಯಾಕೆ?" ಎಂಬ ಪ್ರಶ್ನೆಗೂ ನನ್ನಲ್ಲಿ ಉತ್ತರವಿದೆ, ಕೇಳುವವರಿಗೆ ತಾಳ್ಮೆ ಇಲ್ಲ ಅಷ್ಟೇ. ಕತ್ತರಿಸುವುದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಬಿಚ್ಚಿದ ಅಲಗು ಬೆರಳಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ? ಇದಕ್ಕೆ ಒಂದೊಂದು ದೇಶದವರು ಒಂದೊಂದು ಉಪಾಯ ಹೂಡಿದ್ದಾರೆ. ಉಪಾಯಕ್ಕೆ ತಕ್ಕ ಹಾಗೆ ಪಜೀತಿ.

ಫ್ರಾನ್ಸಿನ ಸಾವೊಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕುವಿನಲ್ಲಿ ಬೆನ್ನಿನ ಸ್ಪ್ರಿಂಗೇ ಇಲ್ಲ. ಮರದ ಹಿಡಿ, ಅದರಲ್ಲೊಂದು ಸೀಳು, ಸೀಳಿನಲ್ಲಿ ಅಲಗು. ಇಷ್ಟು ಸರಳವಾದದ್ದು ಇನ್ನೊಂದಿಲ್ಲ ಅನ್ನಿಸುತ್ತದೆ, ಮಳೆಗಾಲ ಬರುವವರೆಗೆ. ತೇವಕ್ಕೆ ಮರ ಊದಿಕೊಂಡು ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗ ಹಿಡಿಯ ಬುಡವನ್ನು ಗಟ್ಟಿ ಜಾಗಕ್ಕೆ ಕುಟ್ಟಿದರೆ ಅಲಗು ತಾನಾಗಿ ತುಸು ಹೊರಬರುತ್ತದೆ. ಅಲ್ಲಿಯವರ ಹಳೆಯ ಉಪಾಯವಂತೆ. ನಾನು ಊಟದ ಮೇಜಿಗೆ ಕುಟ್ಟಿದೆ. ಅಲಗು ಬರಲಿಲ್ಲ, ಮೇಜಿನ ಕಾಲು ಬಂತು.

ಬಿಚ್ಚಿದ ಅಲಗನ್ನು ತಡೆದು ನಿಲ್ಲಿಸುವ ತಿರುಗುವ ಉಂಗುರ ಈ ಚಾಕುವಿಗೆ ಬಂದದ್ದು 1955ರಲ್ಲಿ. ನನಗೆ ಬೇಕಾಗಿದ್ದದ್ದು ಅದಕ್ಕೂ ಹಿಂದಿನದು. ಅಪಾಯ ಜಾಸ್ತಿ ಇರುವುದನ್ನೇ ಜಾಸ್ತಿ ದುಡ್ಡು ಕೊಟ್ಟು ತರುತ್ತೇವೆ, ನಾವು ಅಂಥ ಜನ. ಅಳತೆಗಳಿಗೆ ಮೊದಲು 1ರಿಂದ 12ರವರೆಗೆ ನಂಬರು ಇತ್ತು. ಅದರಲ್ಲಿ 1 ಮತ್ತು 11ನ್ನು 1930ರ ದಶಕದಲ್ಲೇ ಕೈಬಿಟ್ಟರು. ಉಳಿದವು ಸಲೀಸಾಗಿ ಸಿಗುತ್ತವೆ. ನಿದ್ದೆಗೆಡಿಸುವುದು ಮಾತ್ರ ಆ ಎರಡೇ.

ಜಪಾನಿನ ಹಿಗೊನೊಕಾಮಿ ಎಂಬ ಚಾಕುವಿಗೆ ಸ್ಪ್ರಿಂಗೂ ಇಲ್ಲ, ಉಂಗುರವೂ ಇಲ್ಲ. ಮಡಚಿದ ತಗಡಿನ ಹಿಡಿ, ಅಲಗಿನ ಬುಡದಲ್ಲೊಂದು ಪುಟ್ಟ ಬಾಲ. ಕೆಲಸ ಮಾಡುವಷ್ಟು ಹೊತ್ತೂ ಆ ಬಾಲವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಿರಬೇಕು. ಅಂದರೆ ಇದರಲ್ಲಿ ಲಾಕ್ ನಾವೇ. ಅಲ್ಲಿನ ಶಾಲೆಯ ಮಕ್ಕಳು ಒಂದು ಕಾಲದಲ್ಲಿ ಇದರಲ್ಲೇ ಪೆನ್ಸಿಲ್ ಕೆತ್ತುತ್ತಿದ್ದರು. ಅದನ್ನು ಮಗನಿಗೆ ಹೆಮ್ಮೆಯಿಂದ ಹೇಳಿ ಅವನ ಪೆನ್ಸಿಲ್ ಕೆತ್ತಿ ತೋರಿಸಿದೆ. ಮೊನೆ ಬಹಳ ಚೂಪಾಗಿ ಬಂತು. ಹಿಡಿದು ಬರೆಯುವುದಕ್ಕೆ ಪೆನ್ಸಿಲ್ಲೇ ಉಳಿಯಲಿಲ್ಲ.

ಸ್ವಿಸ್ ಸೇನೆಯ ಚಾಕು ಎಲ್ಲರಿಗೂ ಗೊತ್ತು, ಜಾಸ್ತಿ ಹೇಳುವುದಿಲ್ಲ. ಮೊದಲ ಸಿಪಾಯಿ ಚಾಕುವಿನಲ್ಲಿ ಸ್ಕ್ರೂಡ್ರೈವರ್ ಇಟ್ಟದ್ದು ಬಂದೂಕು ಬಿಚ್ಚುವುದಕ್ಕೆ. ಬಾಟಲಿಯ ಬಿರಡೆ ತೆಗೆಯುವ ಸುರುಳಿ 1897ರ ಅಧಿಕಾರಿಗಳ ಚಾಕುವಿನಲ್ಲಿ ಬಂತು. ಸಿಪಾಯಿಗೆ ಬಂದೂಕು, ಸಾಹೇಬರಿಗೆ ಬಾಟಲಿ. ಯಾರ ಕೈಗೆ ಕೊಟ್ಟರೂ ಮೊದಲು ಬಿಚ್ಚುವುದು ಸುರುಳಿಯನ್ನೇ.

ಇಷ್ಟೆಲ್ಲ ಇದ್ದೂ ಮನೆಗೆ ಪಾರ್ಸಲ್ ಬಂದರೆ ಬಾಗಿಲಿನ ಕೀಲಿಯಲ್ಲೇ ಕೆರೆದು ತೆಗೆಯುತ್ತೇವೆ. ಹಳೆಯ ಅಲಗಿನ ಮೇಲೆ ಕಾಲ ಹಿಡಿಸಿದ ಬೂದು ಬಣ್ಣಕ್ಕೆ ಟೇಪಿನ ಅಂಟು ತಾಗಿಸಲು ನಾನು ಬಿಡುವುದಿಲ್ಲ. "ಹಾಗಾದ್ರೆ ಇವೆಲ್ಲ ಏನಕ್ಕೆ ಇರೋದು?" ಅಂದರೆ, ಸುಮ್ನೆ ನೋಡೋದಕ್ಕೆ. ಹಿಂದಿನ ಯಜಮಾನ ಸಾಣೆ ಹಿಡಿದು ಹಿಡಿದು ಕಡ್ಡಿಯಷ್ಟು ಸಣ್ಣಗಾದ ಅಲಗಿನದೊಂದಿದೆ. ಬೇರೆ ಸಂಗ್ರಾಹಕರು ಮೂಗು ಮುರಿಯುತ್ತಾರೆ. ನನಗೆ ಅದೇ ಇಷ್ಟ. ಪಾಪ, ಯಾರೋ ನಿಜವಾಗಿ ಕೆಲಸ ಮಾಡಿದ್ದಾರೆ.

ಈಚೆಗೆ ಬಂದ ಚಾಕುವಿನ ಹಿಡಿ ಮಾತ್ರ ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ಕಿನದು, ಆಮೆಚಿಪ್ಪಿನ ಬಣ್ಣ. ನೋಡಲು ಬಲು ಚಂದ, ಸಹವಾಸ ಕೆಟ್ಟದ್ದು. ಸೆಲ್ಯುಲಾಯ್ಡ್ ಹಳೆಯದಾಗಿ ಕೆಡತೊಡಗಿದರೆ ಆಮ್ಲದ ಆವಿ ಬಿಡುತ್ತದೆ. ತನ್ನ ಅಲಗಿಗೂ ತುಕ್ಕು, ಡಬ್ಬಿಯಲ್ಲಿ ಪಕ್ಕದಲ್ಲಿದ್ದವಕ್ಕೂ ತುಕ್ಕು. ವಿಷಯ ತಿಳಿದ ಹೆಂಡತಿಯ ಮುಖ ಅರಳಿತು.

"ಅಂದ್ರೆ ಇದೊಂದನ್ನಾದ್ರೂ ಮನೆಯಿಂದ ಆಚೆ ಹಾಕ್ತೀರಾ?"

"ಹಾಗಲ್ಲ, ಇದನ್ನ ಗಾಳಿಯಾಡೋ ಕಡೆ ಬೇರೆಯಾಗಿ ಇಡಬೇಕು."

ಈಗ ಕಪಾಟಿನಲ್ಲಿ ಅದಕ್ಕೇ ಇಡೀ ಒಂದು ಖಾನೆ. ನನ್ನ ಶರ್ಟುಗಳೆಲ್ಲ ಕುರ್ಚಿಯ ಮೇಲಿವೆ.