ಹಂಡೆ ಯಾರ ಪಾಲಿಗೆ?

ಮನೆ ಕಟ್ಟುವುದು ಪಾಯದಿಂದ, ಬಿಚ್ಚುವುದು ಮಾಡಿನಿಂದ, ಅಂದರೆ ಚಾವಣಿಯಿಂದ. ಇದು ಬಡಗಿಗೆ ಗೊತ್ತು, ಗಾರೆಯವನಿಗೆ ಗೊತ್ತು, ಹಳೇ ಮರ ಕೊಳ್ಳುವ ವ್ಯಾಪಾರಿಗಂತೂ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರೆಂದರೆ ವಾರಸುದಾರರು. ಅವರು ಬಚ್ಚಲುಮನೆಯ ಹಂಡೆಯಿಂದ ಶುರು ಮಾಡುತ್ತಾರೆ.

ಮಲೆನಾಡಿನ ಹಳೇ ತೊಟ್ಟಿ ಮನೆಯನ್ನು ಕೊನೆಯ ಸಲ ನೋಡಲು ಬೆಂಗಳೂರು, ಪುಣೆಗಳಿಂದ ಬಂದವರೂ ವಿಡಿಯೊ ಕಾಲ್‌ನಲ್ಲಿ ಅಮೆರಿಕದಿಂದ ಇಣುಕಿದವರೂ ಆ ತಾಮ್ರದ ಹಂಡೆ ಕಂಡೊಡನೆ ಕಣ್ಣೊರೆಸಿಕೊಳ್ಳುತ್ತಾರೆ. ಮರುಕ್ಷಣವೇ "ಅಮ್ಮ ಇದನ್ನು ನನಗೇ ಅಂತ ಹೇಳಿದ್ದಳು" ಎನ್ನುತ್ತಾರೆ. ಹಾಗೆನ್ನುವವರು ಮೂವರು, ಹಂಡೆ ಒಂದು. ಚಿಕ್ಕಪ್ಪ ಅದರ ಕಂಠಕ್ಕೆ ಕೈಹಾಕಿ ಎಳೆಯುತ್ತಾರೆ. ಹಂಡೆ ಮಣ್ಣಿನ ಒಲೆಯೊಳಗೆ ಅರ್ಧ ಹೂತು ಕೂತಿದೆ, ವರ್ಷಗಟ್ಟಲೆ ಬೆಂಕಿ ತಿಂದು ತಳ ತೆಳ್ಳಗಾಗಿದೆ. ಎಳೆದರೆ ಕಂಠ ಸೊಟ್ಟಗಾಗುತ್ತದೆ, ತಳ ಬಿರಿಯುತ್ತದೆ, ಮೂವರ ಹಕ್ಕೂ ಗುಜರಿಯ ತಕ್ಕಡಿಗೆ ಹೋಗುತ್ತದೆ. ಕೆಡವಬೇಕಾದ್ದು ಒಲೆಯನ್ನು. ಮುಂಭಾಗದ ಇಟ್ಟಿಗೆಯನ್ನು ಹಾರೆಯಿಂದ ಸಡಿಲಿಸಿ, ಸುತ್ತಲಿನ ಮಣ್ಣು ಕೆರೆದು, ತಳಕ್ಕೆ ಗೋಣಿಚೀಲ ಕೊಟ್ಟು ಇಬ್ಬರು ಎತ್ತಿದರೆ ಹಂಡೆ ತಾನಾಗಿ ಬರುತ್ತದೆ. ಮಸಿ ಮಾತ್ರ ಬಿಳಿ ಪಂಚೆ ಉಟ್ಟವರಿಗೇ ಹತ್ತುತ್ತದೆ.

ಹಂಡೆಯ ವ್ಯಾಜ್ಯ ಕಾವೇರಿರುವಾಗ ಯಾರೋ ಒಬ್ಬರು, ಸಾಮಾನ್ಯವಾಗಿ ಹೊಸ ಅಳಿಯ, "ಅಲ್ಲಾ, ಮನೆ ಯಾರ ಹೆಸರಲ್ಲಿದೆ?" ಎಂದು ಕೇಳಿಬಿಡುತ್ತಾರೆ. ಅಜ್ಜನ ಹೆಸರಲ್ಲಿದೆ. ಪಂಚಾಯಿತಿ ಕಂದಾಯ ಕಟ್ಟುವವರು ಅಜ್ಜ, ಕರೆಂಟಿನ ಆರ್.ಆರ್. ನಂಬರು ಅಜ್ಜನದು, ನಲ್ಲಿ ನೀರು ಅಜ್ಜನದು. ತೀರಿಕೊಂಡು ಐವತ್ತು ವರ್ಷವಾದರೂ ಊರಿನ ಲೆಕ್ಕದಲ್ಲಿ ಅವರಷ್ಟು ಶಿಸ್ತಿನ ಮನುಷ್ಯ ಇನ್ನೊಬ್ಬರಿಲ್ಲ.

ಅವರನ್ನು ಕಾಗದದ ಮೇಲೆ ಸಾಯಿಸುವುದೇ ದೊಡ್ಡ ಕೆಲಸ. ಸಾವು ನೋಂದಣಿ ಆಗದೆ ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಾದ ಮೇಲೆ ವಂಶವೃಕ್ಷ. ಈ ವೃಕ್ಷದಲ್ಲಿ ಬೊಂಬಾಯಿಗೆ ಓಡಿಹೋದ ದೊಡ್ಡಪ್ಪನ ಕೊಂಬೆಯನ್ನು ಬಿಟ್ಟು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಬಿಟ್ಟರೆ, ನೋಂದಣಿ ಮುಗಿದ ಮರುವಾರ ಆ ದೊಡ್ಡಪ್ಪನ ಮಗ ವಕೀಲರ ಜೊತೆ ಬರುತ್ತಾನೆ. ಮನೆಯಲ್ಲಿ ಸುಬ್ಬು, ಶಾಲೆಯಲ್ಲಿ ಸುಬ್ಬರಾಯ, ಆಧಾರ್‌ನಲ್ಲಿ ಸುಬ್ರಹ್ಮಣ್ಯ ಆಗಿರುವವರು ಈ ಮೂವರೂ ತಾವೇ ಎಂದು ಅಫಿಡವಿಟ್ ಮಾಡಿಸಬೇಕು. ಬಳಿಕ ಖಾತೆ ಬದಲಾವಣೆ, ಗ್ರಾಮಠಾಣಾ, ಅಂದರೆ ಊರೊಳಗಿನ ವಾಸದ ಜಾಗವಾದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಜೊತೆಗೆ ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಇ.ಸಿ. ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಹಳೇ ಪತ್ರದ ಜೊತೆ ಇಟ್ಟು ಓದಿ. ಪೂರ್ವಕ್ಕೆ "ಶೇಷಪ್ಪನ ಹಿತ್ತಲು" ಎಂದಿದ್ದರೆ ಈಗ ಅಲ್ಲಿ ಯಾರಿದ್ದಾರೆ ಎಂಬುದಕ್ಕೂ ದಾಖಲೆ ಕೇಳುತ್ತಾರೆ.

ಸೋದರತ್ತೆಯರ ವಿಷಯ. "ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ಕೇಂದ್ರದ್ದು 2005ರಲ್ಲಿ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಕೇಂದ್ರದ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಅತ್ತೆಗೆ ರೇಷ್ಮೆ ಸೀರೆ ಉಡಿಸಿ ಕಳಿಸಿದರೆ ಕೆಲಸ ಮುಗಿಯುವುದಿಲ್ಲ. ಒಂದೋ ಪಾಲು, ಇಲ್ಲವೇ ಅವರು ಒಪ್ಪಿ ಮಾಡಿಕೊಟ್ಟ ನೋಂದಾಯಿತ ಹಕ್ಕು ಬಿಡುಗಡೆ ಪತ್ರ. ಅಮೆರಿಕದವರಾದರೆ ಪವರ್ ಆಫ್ ಅಟಾರ್ನಿಯನ್ನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆ ಟಿ.ವಿ. ಮೇಲೆ ಆರು ತಿಂಗಳು ಮಲಗಿದರೆ ಮತ್ತೆ ಅಲೆದಾಟ ಶುರು.

ಕಾಗದ ಮುಗಿದ ಮೇಲೆ ಮಾಡಿನ ಸರದಿ. ಕಾಲ ನೋಡಿ ಇಳಿಸಬೇಕು: ಸಂಕ್ರಾಂತಿ ಕಳೆದು ಯುಗಾದಿಯೊಳಗೆ. ನೆಂಟರಿಗೆ ಪುರುಸೊತ್ತಾಗುವುದು ಮಕ್ಕಳ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಹಂಚಿಲ್ಲದ ಮಣ್ಣಿನ ಗೋಡೆ ಎರಡು ಮಳೆಗೆ ಕರಗಿ ಕೂರುತ್ತದೆ, ಬಾಗಿಲು ಕಂಬಗಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ.

ಮಂಗಳೂರು ಹಂಚಿಗೆ ಈಗಲೂ ಬೆಲೆಯಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಈ ಹಂಚು ನೂರು ಚದರಡಿ ಮಾಡಿಗೆ ಸುಮಾರು 140 ಬೇಕು. ಒಂದೊಂದೂ ಎರಡು ಕಿಲೋ ಮೇಲೇ ತೂಗುತ್ತದೆ. ಸಾವಿರ ಚದರಡಿ ಮಾಡೆಂದರೆ ಮೂರು ಟನ್ನು ತಲೆಯ ಮೇಲಿದ್ದಂತೆ. ಮೊದಲು ನೆತ್ತಿಯ ಹಂಚಿನ ಸುಣ್ಣದ ಗಾರೆ ಬಿಡಿಸಬೇಕು, ಆಮೇಲೆ ಎರಡೂ ಇಳಿಜಾರಿನಿಂದ ಸಮಸಮವಾಗಿ ತೆಗೆಯುತ್ತಾ ಬರಬೇಕು. ಒಂದೇ ಬದಿ ಖಾಲಿ ಮಾಡಿದರೆ ಭಾರ ತಪ್ಪಿ ಮಾಡು ವಾಲುತ್ತದೆ. ಕಾಲಿಡುವುದು ರೀಪಿನ, ಅಂದರೆ ಹಂಚು ಕೂರುವ ಮರದ ಪಟ್ಟಿಯ ನೇರಕ್ಕೆ. ಹಂಚಿನ ನಡುಮಧ್ಯೆ ಇಟ್ಟರೆ ಭಾವನವರು ನೇರ ದೇವರಮನೆಗೆ ಇಳಿಯುತ್ತಾರೆ. ಲಾರಿಯಲ್ಲಿ ಹುಲ್ಲು ಹಾಸಿ ಹಂಚನ್ನು ನಿಲ್ಲಿಸಿ ಜೋಡಿಸಬೇಕು. ಮಲಗಿಸಿ ಪೇರಿಸಿದರೆ ಮೊದಲ ರಸ್ತೆ ಉಬ್ಬಿನಲ್ಲೇ ಕೆಳಗಿನ ಸಾಲು ಜಲ್ಲಿ.

ಮರದ ಲೆಕ್ಕ ಘನ ಅಡಿಯಲ್ಲಿ. ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿ. ಎಂಟಿಂಚು ಚೌಕದ ಒಂಬತ್ತಡಿ ಕಂಬ 4 ಘನ ಅಡಿ. ವ್ಯಾಪಾರಿ ಸಂದಿನ ತೂತು, ಬಿರುಕು, ಮೊಳೆ ಎಂದು ಕಳೆಯುತ್ತಾ ಹೋಗಿ ಎರಡೂವರೆಗೆ ನಿಲ್ಲುತ್ತಾನೆ. ಮೊಳೆಗಳನ್ನು ನೀವೇ ಕೀಳಿಸಿ. ಗರಗಸದ ಅಲಗಿಗೆ ಸಿಗುವ ಮೊಳೆಯೇ ಅವನ ವಾದದ ಜೀವಾಳ. ಕೆತ್ತನೆಯ ಕಂಬವನ್ನು ಘನ ಅಡಿಗೆ ಮಾರುವುದೆಂದರೆ ವೀಣೆಯನ್ನು ಸೌದೆಗೆ ತೂಗಿಕೊಟ್ಟಂತೆ. ತೊಲೆಯ ಕೆಳಗೆ ಹೊಸ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು ಇನ್ನೂ ಊಟಕ್ಕೆ ಕೂತಿದೆ. ನೆನಪಿಗೆಂದು ಆ ತುಂಡನ್ನು ಫ್ಲ್ಯಾಟಿಗೆ ಒಯ್ದರೆ ಅದರ ಮುಂದಿನ ಪಂಕ್ತಿ ನಿಮ್ಮ ಸೋಫಾ. ತೇಗವೋ ಬೀಟೆಯೋ ಇದ್ದರೆ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳದೆ ಲಾರಿ ಹತ್ತಿಸಬೇಡಿ. ಚೆಕ್‌ಪೋಸ್ಟಿನಲ್ಲಿ "ಇದು ನಮ್ಮಜ್ಜನ ಕಾಲದ್ದು ಸಾರ್" ಎಂಬುದು ಪರ್ಮಿಟ್ ಆಗುವುದಿಲ್ಲ.

ಮನೆಯನ್ನು ಬಿಚ್ಚಿ ಬೇರೆಡೆ ನಿಲ್ಲಿಸುವ ಆಸೆಯಿದ್ದರೆ ಮಣಿಪಾಲಕ್ಕೆ ಹೋಗಿ ಬನ್ನಿ. ಅಲ್ಲಿ ವಿಜಯನಾಥ ಶೆಣೈಯವರು ಹಾಗೆ ತಂದು ಜೋಡಿಸಿದ ಮನೆಗಳಿವೆ. ಪ್ರತಿ ತುಂಡಿಗೂ ನಂಬರು ಬೇಕು, ಪೇಂಟಿನಲ್ಲಿ. ಸೀಮೆಸುಣ್ಣದಲ್ಲಿ ಬರೆದದ್ದು ಮೊದಲ ಮಳೆಗೇ ಅಳಿಸಿಹೋಗಿ, ಒಂದೇ ಥರದ ನಲವತ್ತು ಜಂತೆಗಳು ನಿಮ್ಮನ್ನು ನೋಡುತ್ತಾ ಮಲಗಿರುತ್ತವೆ.

ಅಟ್ಟವನ್ನು ಅವಸರದಲ್ಲಿ ಖಾಲಿ ಮಾಡಬೇಡಿ. ತುಕ್ಕು ಟ್ರಂಕು, ಹಳೇ ಪಂಚಾಂಗ, ಕಾಲಿಲ್ಲದ ಕುರ್ಚಿಗಳ ನಡುವೆ ತಾಳೆಗರಿಯ ಕಟ್ಟು ಸಿಕ್ಕಬಹುದು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಾಕುವ ಉತ್ಸಾಹಿಗಳಿದ್ದಾರೆ. ಒರೆಸಿದರೆ ಶಾಯಿ ಹೋಗುತ್ತದೆ, ಬಿಸಿಲಿಗೆ ಗರಿ ಪುಡಿಯಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಿ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯೂ ಯಾರೋ ಪಂಡಿತರೊಬ್ಬರು ಅಲ್ಲಿಗೆ ತಂದುಕೊಟ್ಟದ್ದೇ. ನಿಮ್ಮದು ಬಹುಶಃ ಸಾಲದ ಲೆಕ್ಕವಾಗಿರುತ್ತದೆ. ಅದೂ ಕೆಲವೊಮ್ಮೆ ಇ.ಸಿ.ಗಿಂತ ಸ್ವಾರಸ್ಯ.

ಒರಳುಕಲ್ಲನ್ನು ಬೆಂಗಳೂರಿಗೆ ಒಯ್ಯುವವರಿಗೆ ಒಂದು ಮಾತು. ಆರು ಜನರ ಲಿಫ್ಟು 408 ಕಿಲೋ ಹೊರುತ್ತದೆ, ಕಲ್ಲಿನ ಭಾರಕ್ಕೆ ಅದೇನೂ ಹೆದರದು. ಕೆಡುವುದು ಉರುಳಿಸುವಾಗ. ಲಿಫ್ಟಿನ ಹೊಸ್ತಿಲ ಹಳಿ ಬಾಗಿ ಬಾಗಿಲು ಮುಚ್ಚದೆ ನಿಲ್ಲುತ್ತದೆ, ಏಳನೇ ಮಹಡಿಯವರು ನಿಮ್ಮ ಅಜ್ಜಿಯ ಚಟ್ನಿಯನ್ನು ಶಪಿಸುತ್ತಾ ಮೆಟ್ಟಿಲಿಳಿಯುತ್ತಾರೆ. ಹಲಗೆ ಹಾಸಿ ದಾಟಿಸಿ. ಮುಂಬಾಗಿಲಿನದು ಇನ್ನೊಂದು ತರಹ: ಐದೂವರೆ ಅಡಿ ಎತ್ತರದ ಹಲಸಿನ ಬಾಗಿಲು ಏಳಡಿ ಬಾಯಿಗೆ ಕೂರುವುದಿಲ್ಲ, ಎರಡಡಿ ಗೋಡೆಗೆಂದು ಮಾಡಿದ ಚೌಕಟ್ಟು ಆರಿಂಚಿನ ಗೋಡೆಯಿಂದ ಎರಡೂ ಕಡೆ ಮೂತಿ ಚಾಚುತ್ತದೆ. ಮಲಗಿಸಿ ಮೇಲೆ ಗಾಜು ಹಾಕಿ ಊಟದ ಮೇಜು ಮಾಡಿಕೊಳ್ಳುವವರೇ ಹೆಚ್ಚು. ಆಗ ಅನ್ನದ ಅಗುಳು ಗಾಜಿನಡಿ ಸೇರಿ ಕೆತ್ತನೆಯ ಆನೆಯ ಕಿವಿಯಲ್ಲಿ ಕೂರುತ್ತದೆ.

ಕೊನೆಗೆ ಕರೆಂಟು. ಮನೆ ಹೋದರೂ ಮೀಟರಿನ ನಿಗದಿತ ಶುಲ್ಕ ನಿಲ್ಲುವುದಿಲ್ಲ. ಬಾಕಿ ಕಟ್ಟಿ, ಸಂಪರ್ಕ ರದ್ದತಿಗೆ ಅರ್ಜಿ ಕೊಟ್ಟು, ಮೀಟರು ಬಿಚ್ಚಿಸಿ ರಸೀದಿ ಪಡೆಯಿರಿ. ಮರೆತರೆ ಬಯಲಿನಲ್ಲಿ ನಿಂತ ಒಂಟಿ ಗೋಡೆಗೆ ಅಜ್ಜನ ಹೆಸರಲ್ಲಿ ನೋಟಿಸು ಅಂಟಿಸಿ ಹೋಗುತ್ತಾರೆ. ಠೇವಣಿ ವಾಪಸು ಕೇಳಿದರೆ ಅವರೇ ಬಂದು ಸಹಿ ಹಾಕಲಿ ಎನ್ನುತ್ತಾರೆ.